ಸಹಾಯ ಬೇಕು: ಟೆಟನಸ್ ಇಮ್ಯುನೋಗ್ಲಾಬ್ಯುಲಿನ್ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ, ಅರ್ಜೆಂಟ್ ಇದೆ. ಸೋಮವಾರಪೇಟೆ ಕಡೆ ತೋಟದಲ್ಲಿ ನಮ್ಮ ಜೊತೆ ಕೆಲಸ ಮಾಡುವ ಅಣ್ಣನಿಗೆ ಹತ್ತು ದಿನದ ಹಿಂದೆ ಮರ ಕಪಾತು ಮಾಡುವಾಗ ಕತ್ತಿ ಜಾರಿ ಕಾಲಿಗೆ ಆಳವಾಗಿ ತಗುಲಿತ್ತು. ಲೈನ್ ಮನೆಗೆ ಬಂದು ಕಾಫಿ ಪುಡಿ ಮೆತ್ತಿ, ಹಳೇ ಪಂಚೆ ತುಂಡು ಕಟ್ಟಿಕೊಂಡರು, ಅಷ್ಟೇ. ಟಿಟಿ (ಟೆಟನಸ್ ಲಸಿಕೆ) ಹಾಕಿಸಲಿಲ್ಲ, ಚಿಕ್ಕಂದಿನಲ್ಲೂ ಯಾವ ಲಸಿಕೆಯೂ ಆಗಿಲ್ಲವಂತೆ. ಗಾಯ ಮೇಲೆ ಒಣಗಿತು, ನಾವೂ ಸುಮ್ನೆ ಇದ್ದೆವು, ತಪ್ಪು ನಮ್ಮದೂ ಇದೆ.

ಮೊನ್ನೆ ದವಡೆ ಹಿಡಿದುಕೊಂಡಿತು, ಟೆಟನಸ್ ಅಂದರೆ ಧನುರ್ವಾಯು. ಗಂಜಿ ಚಮಚ ಕೂಡ ಬಾಯೊಳಗೆ ಹೋಗಲಿಲ್ಲ. ಈಗ ಐಸಿಯುನಲ್ಲಿದ್ದಾರೆ, ಬಾಗಿಲು ಸದ್ದಾದರೂ ಮೈಯೆಲ್ಲ ಬಿಲ್ಲಿನ ಹಾಗೆ ಸೆಟೆಯುತ್ತದೆ. ವೆಂಟಿಲೇಟರ್ ಬೇಕಾಗಬಹುದು ಅಂದಿದ್ದಾರೆ.

ಬೇಕಿರುವುದು ಹ್ಯೂಮನ್ ಟೆಟನಸ್ ಇಮ್ಯುನೋಗ್ಲಾಬ್ಯುಲಿನ್, 500 ಯೂನಿಟ್. ಇದು ಮಾಮೂಲಿ ಟಿಟಿ ಇಂಜೆಕ್ಷನ್ ಅಲ್ಲ, ಮೆಡಿಕಲ್‌ನವರು ಅದನ್ನೇ ಕೊಟ್ಟಾರು, ನೋಡಿಕೊಳ್ಳಿ. ನರಕ್ಕೆ ಈಗಾಗಲೇ ಅಂಟಿದ ಟೆಟನಸ್ ವಿಷವನ್ನು ಇದು ಬಿಡಿಸುವುದಿಲ್ಲ, ಇನ್ನೂ ಅಂಟದೆ ಓಡಾಡುತ್ತಿರುವುದನ್ನು ಮಾತ್ರ ಹಿಡಿಯುತ್ತದೆ, ಅದಕ್ಕೇ ಇಷ್ಟು ಅವಸರ.

ಹತ್ತಿರದಲ್ಲೆಲ್ಲ ಕೇಳಿ ಆಯಿತು. ಮೈಸೂರು, ಹಾಸನ, ಮಂಗಳೂರಿನಲ್ಲಿ ಇರುವವರು ಸ್ಟಾಕ್ ಇದೆಯಾ ಅಂತ ಫೋನ್ ಮಾಡಿ ಖಚಿತ ಮಾಡಿಕೊಂಡೇ ಹೇಳಿ. ಇವತ್ತು ರಾತ್ರಿ ಮಡಿಕೇರಿಗೆ ಬರುವವರಿದ್ದರೆ ಐಸ್ ಬಾಕ್ಸ್‌ನಲ್ಲಿ ತರಬಹುದಾ? ದುಡ್ಡು ಕೂಡಲೇ ಕಳಿಸುತ್ತೇವೆ.