ಹೋಮ್‌ಸ್ಟೇ ವೆಬ್‌ಸೈಟಿಗೆ ಹಣ ಕಟ್ಟುವ ಫಾರಂ: ನೀವು ಹೇಗೆ ಹಾಕಿದಿರಿ?

ಕೇಳಿದವರು, ಕಕ್ಕಬ್ಬೆ:
ಎಲ್ಲರಿಗೂ ನಮಸ್ಕಾರ. ತಡಿಯಂಡಮೋಳ್ ಬೆಟ್ಟ ಹತ್ತಲು ಬರುವವರಿಗೆ ನಮ್ಮ ಮನೆಯಲ್ಲಿ ಮೂರು ರೂಮ್ ಕೊಡುತ್ತೇವೆ. ಇಲ್ಲಿಯವರೆಗೆ ಅಡ್ವಾನ್ಸ್ ಎಲ್ಲ ಫೋನಿನಲ್ಲೇ. ನಾನು ನಂಬರ್ ಕೊಡುವುದು, ಅವರು ಯುಪಿಐ ಮಾಡಿ ಸ್ಕ್ರೀನ್‌ಶಾಟ್ ಕಳಿಸುವುದು, ನಾನು ಡೈರಿಯಲ್ಲಿ ಬರೆಯುವುದು. ಕಾಫಿ ಕೊಯ್ಲು ಶುರುವಾದರೆ ಇದು ಆಗುವ ಮಾತಲ್ಲ. ಕಳೆದ ತಿಂಗಳು ಒಂದೇ ರೂಮನ್ನು ಇಬ್ಬರಿಗೆ ಕೊಟ್ಟುಬಿಟ್ಟೆ. ವೆಬ್‌ಸೈಟ್ ಇದೆ, ಬಿಇ ಓದುತ್ತಿರುವ ತಂಗಿ ಮಗ ಮಾಡಿಕೊಟ್ಟಿದ್ದು. ಈಗ ಅವನು ಕಾರ್ಡ್ ನಂಬರ್, ಅದರ ಹಿಂದಿರುವ ಮೂರಂಕಿಯ ಸಿವಿವಿ ಎಲ್ಲ ತುಂಬುವ ಫಾರಂ ಒಂದನ್ನು ಹಾಕಿದ್ದಾನೆ. ತುಂಬಿದ್ದು ನನ್ನ ಇಮೇಲಿಗೆ ಬರುತ್ತದಂತೆ. ಮುಂದೇನು ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಾಡಿ ನೋಡಿದವರು ಹೇಳಿ.

ಕುಶಾಲನಗರದಿಂದ, ವೆಬ್‌ಸೈಟ್ ಕೆಲಸ ಮಾಡುವವನು:
ಅಕ್ಕ, ಮೊದಲು ಆ ಫಾರಂ ತೆಗೆಸಿ. ಇವತ್ತೇ. ಅಂಗಡಿಯವರು ಗ್ರಾಹಕರ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ ಅನ್ನುವ ರಿಸರ್ವ್ ಬ್ಯಾಂಕ್ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸಿವಿವಿ ಅಂತೂ ಯಾವತ್ತೂ ಬರೆದಿಡುವ ಹಾಗಿಲ್ಲ. ಅದೂ ಅಲ್ಲದೆ, ನಂಬರ್ ಇಮೇಲಿಗೆ ಬಂದರೆ ಹಣ ಹೇಗೆ ಬರುತ್ತದೆ? ಓಟಿಪಿ ಹೋಗುವುದು ಅತಿಥಿಯ ಫೋನಿಗೆ, ಅಲ್ವಾ?

ನಿಮ್ಮ ಫಾರಂ ಹೆಸರು, ಫೋನ್, ತಾರೀಖು, ರೂಮ್ ಇಷ್ಟು ಕೇಳಿದರೆ ಸಾಕು. ಹಣ ಕಟ್ಟುವ ಕಿಟಕಿ ಪೇಮೆಂಟ್ ಗೇಟ್‌ವೇಯದ್ದು, ಅಂದರೆ ಅತಿಥಿಯಿಂದ ಹಣ ಪಡೆದು ನಿಮ್ಮ ಬ್ಯಾಂಕಿಗೆ ಹಾಕುವ ಕಂಪನಿಯದ್ದು. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿಅವೆನ್ಯೂ ಅಂತ ಹಲವು ಇವೆ, ಒಂದೊಂದರ ದಾರಿ ಸ್ವಲ್ಪ ಬೇರೆ. ರೇಜರ್‌ಪೇಯಲ್ಲಿ ಹೀಗೆ. ಅತಿಥಿ 'ಬುಕ್' ಒತ್ತಿದ ಕೂಡಲೇ ನಿಮ್ಮ ಸರ್ವರ್ (ವೆಬ್‌ಸೈಟ್ ನಡೆಸುವ ಕಂಪ್ಯೂಟರ್) ಗೇಟ್‌ವೇಗೆ ಮೊತ್ತ ಹೇಳಿ ಒಂದು ಆರ್ಡರ್ ನಂಬರ್ ಪಡೆಯುತ್ತದೆ. ಆ ನಂಬರಿನ ಮೇಲೆ ಕಿಟಕಿ ತೆರೆಯುತ್ತದೆ. ಹಣ ಕಟ್ಟಿದ ಮೇಲೆ ಒಂದು ಸಹಿ ವಾಪಸ್ ಬರುತ್ತದೆ. ಸಹಿ ಅಂದರೆ ಉದ್ದದೊಂದು ಅಕ್ಷರಗಳ ಸಾಲು. ಅದು ನಿಜವೋ ಸುಳ್ಳೋ ಅಂತ ಸರ್ವರ್ ತನ್ನ ಹತ್ತಿರ ಇರುವ ಗುಟ್ಟಿನ ಕೀಯಿಂದ ಲೆಕ್ಕ ಹಾಕಿ ನೋಡಬೇಕು. ಆ ಕೀ ವೆಬ್ ಪುಟದ ಕೋಡಿನಲ್ಲಿ ಇರಲೇಬಾರದು. ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಸೈಟಿಗೆ ಅದನ್ನು ಹಾಕಿಬಿಡುವುದು ಹುಡುಗರ ಮಾಮೂಲಿ ತಪ್ಪು. ನಾನೂ ಮಾಡಿದ್ದೇನೆ, ಮನೆಯಲ್ಲಿ ಹೇಳಿಲ್ಲ ಅಷ್ಟೇ.

ಇನ್ನೊಂದು. ರೂಮಿನ ದರ ಸರ್ವರಿನಲ್ಲೇ ಇರಲಿ. ಪುಟದಿಂದ ಬಂದ ಮೊತ್ತವನ್ನು ಹಾಗೇ ತೆಗೆದುಕೊಂಡರೆ, ಕೋಡ್ ಗೊತ್ತಿರುವ ಯಾರೋ 3000 ಇದ್ದದ್ದನ್ನು 1 ಮಾಡಿ ಕಟ್ಟಿ ಹೋಗುತ್ತಾರೆ. ಸಹಿ ಸರಿಯಾಗೇ ಇರುತ್ತದೆ!

ಗಾಳಿಬೀಡಿನಿಂದ, ಹೋಮ್‌ಸ್ಟೇ:
ಮೇಲಿನ ತಮ್ಮ ಹೇಳಿದ್ದೆಲ್ಲ ಸರಿ. ಆದರೆ ನಮ್ಮ ಊರಿನ ತೊಂದರೆ ಬೇರೆಯೇ. ಹೋದ ವರ್ಷ ಆಟಿ ತಿಂಗಳಲ್ಲಿ ಬೆಂಗಳೂರಿನ ಕುಟುಂಬವೊಂದು ಹುಣಸೂರು ದಾಟಿದ ಮೇಲೆ ಕಾರಿನಲ್ಲೇ ಕೂತು ನಮ್ಮಲ್ಲಿ ಬುಕ್ ಮಾಡಿತು. ಯುಪಿಐ ಪಿನ್ ಹಾಕಿದರು, ಹಣ ಹೋಯಿತು, ಅಷ್ಟರಲ್ಲಿ ಕಾರು ಕಾಡಿನೊಳಗೆ. ನೆಟ್‌ವರ್ಕ್ ಹೋಯಿತು. ನಮ್ಮ 'ಧನ್ಯವಾದ' ಪುಟ ಅವರ ಫೋನಿನಲ್ಲಿ ತೆರೆಯಲೇ ಇಲ್ಲ. ನಮ್ಮ ಸೈಟಿನಲ್ಲಿ ಆ ಪುಟ ತೆರೆದರೆ ಮಾತ್ರ ಬುಕಿಂಗ್ ಬರೆಯುವ ಹಾಗೆ ಮಾಡಿದ್ದೆವು. ಸಂಜೆ ಮಳೆಯಲ್ಲಿ ನೆನೆದುಕೊಂಡು ಬಂದು ನಿಂತರು. ನಮ್ಮ ಲಿಸ್ಟಿನಲ್ಲಿ ಹೆಸರಿಲ್ಲ, ರೂಮ್ ಬೇರೆಯವರಿಗೆ ಹೋಗಿದೆ. ನಮಗೂ ಎರಡು ದಿನದಿಂದ ಕರೆಂಟ್ ಇರಲಿಲ್ಲ, ನೋಡುವುದಾದರೂ ಹೇಗೆ? ಕೊನೆಗೆ ನಾವು ಮಲಗುವ ಕೋಣೆ ಬಿಟ್ಟುಕೊಟ್ಟು, ನಾವು ಹಜಾರದಲ್ಲಿ ಮಲಗಿದೆವು.

ಆಮೇಲೆ ಗೊತ್ತಾಯಿತು ವೆಬ್‌ಹುಕ್ ಅಂತ ಒಂದಿದೆ ಅಂತ. ಹಣ ಬಂದ ಸುದ್ದಿಯನ್ನು ಗೇಟ್‌ವೇ ನೇರ ನಿಮ್ಮ ಸರ್ವರಿಗೆ ಹೇಳುತ್ತದೆ. ಅತಿಥಿಯ ಫೋನ್ ಸತ್ತಿರಲಿ, ನಿಮ್ಮ ಮನೆಯಲ್ಲಿ ಕರೆಂಟ್ ಇಲ್ಲದಿರಲಿ, ಸರ್ವರ್ ಎಲ್ಲೋ ಮುಂಬೈಯಲ್ಲಿ ಎದ್ದೇ ಇರುತ್ತದೆ. ಬುಕಿಂಗ್ ಬರೆಯುವುದು ವೆಬ್‌ಹುಕ್ ಬಂದಾಗ. ಧನ್ಯವಾದ ಪುಟ ಸುಮ್ನೆ ಮರ್ಯಾದೆಗೆ. ಇದೊಂದನ್ನು ಹುಡುಗನಿಗೆ ಎರಡು ಸಲ ಹೇಳಿ.

ಸಿದ್ದಾಪುರದಿಂದ, ಕಾಫಿಪುಡಿ ಮಾರುವವಳು:
ವೆಬ್‌ಹುಕ್ ಬಗ್ಗೆ ನಂದೊಂದು ಸೇರಿಸುತ್ತೇನೆ. ನಿಮ್ಮ ಸರ್ವರ್ ಬೇಗ 'ಸಿಕ್ಕಿತು' ಅನ್ನದಿದ್ದರೆ ಗೇಟ್‌ವೇ ಅದೇ ಸುದ್ದಿಯನ್ನು ಮತ್ತೆ ಕಳಿಸುತ್ತದೆ. ನನಗೆ ಗೊತ್ತಿರಲಿಲ್ಲ. ಮೈಸೂರಿನ ಒಬ್ಬರಿಗೆ ಅರ್ಧ ಕೆಜಿ ಪುಡಿ ಎರಡು ಸಲ ಹೋಯಿತು. ಪಾಪ, ಅವರೇ ಫೋನ್ ಮಾಡಿ ಎರಡನೆಯದಕ್ಕೂ ದುಡ್ಡು ಕೊಟ್ಟರು. ಎಲ್ಲರೂ ಹಾಗಿರುವುದಿಲ್ಲ. ಈ ಪೇಮೆಂಟ್ ನಂಬರ್ ಮೊದಲೇ ಬಂದಿದೆಯಾ ಅಂತ ನೋಡಿ, ಬಂದಿದ್ದರೆ ಸುಮ್ಮನಿರುವ ಹಾಗೆ ಕೋಡ್ ಬರೆಸಿ.

ಪೈಸೆ ಲೆಕ್ಕವೂ ನೋಡಿಕೊಳ್ಳಿ. ರೇಜರ್‌ಪೇಗೆ ಮೊತ್ತ ಪೈಸೆಯಲ್ಲಿ ಕೊಡಬೇಕು, ಕ್ಯಾಶ್‌ಫ್ರೀಗೆ ರೂಪಾಯಿಯಲ್ಲಿ. ನಾನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದೆ, ಕೋಡ್ ಹಾಗೇ ಬಿಟ್ಟೆ. 2500 ರೂಪಾಯಿ ಆರ್ಡರಿಗೆ 25 ರೂಪಾಯಿ ಬಂತು. ತಪ್ಪು ನನ್ನದೇ.

ವಿರಾಜಪೇಟೆಯಿಂದ, ಲೆಕ್ಕ ಬರೆಯುವವನು:
ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಕಾರ್ಡಿಗೆ ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ಶೇ 2ರ ಸುಮಾರು, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. 5000 ರೂಪಾಯಿ ಬಂದರೆ 100, ಅದರ ಮೇಲೆ 18. ಕೈಗೆ 4882. ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ಎಂಡಿಆರ್ (ಹಣ ಪಡೆಯುವ ವ್ಯಾಪಾರಿಯಿಂದ ಹಿಡಿಯುವ ಶುಲ್ಕ) ಇಲ್ಲ. ಆದರೂ ಗೇಟ್‌ವೇ ತನ್ನ ಸೇವೆಗೆ ಅಂತ ಏನಾದರೂ ಹಾಕಬಹುದು, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳಿ. ಹಣ ಕೂಡಲೇ ಬ್ಯಾಂಕಿಗೆ ಬರುವುದಿಲ್ಲ, ಎರಡು ಮೂರು ಕೆಲಸದ ದಿನ ಹಿಡಿಯುತ್ತದೆ.

ಗೇಟ್‌ವೇಗೆ ಸೇರಲು ಹಾಕಿದ ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಪ್ಯಾನಿನಲ್ಲಿ ಒಂದು ಹೆಸರು, ಬ್ಯಾಂಕ್ ಖಾತೆಯಲ್ಲಿ ಇನ್ನೊಂದು. ಇಲ್ಲವಾದರೆ ವೆಬ್‌ಸೈಟಿನಲ್ಲಿ ನಿಯಮಗಳು, ಖಾಸಗಿತನ, ಹಣ ವಾಪಸಾತಿ, ವಿಳಾಸ ಇವುಗಳ ಪುಟ ಇರುವುದಿಲ್ಲ. ವಾಪಸಾತಿ ಪುಟವನ್ನು ಬೇರೆಯವರಿಂದ ನಕಲು ಮಾಡಬೇಡಿ. ಎಷ್ಟು ದಿನ ಮೊದಲು ಹೇಳಿದರೆ ಎಷ್ಟು ಕೊಡುತ್ತೀರಿ ಅಂತ ನೀವೇ ಕೂತು ಬರೆಯಿರಿ. ಜಗಳ ಬಂದಾಗ ಅದೇ ಕಾಗದ.

ಗಾಳಿಬೀಡಿನಿಂದ, ಮತ್ತೆ:
ವಾಪಸಾತಿ ಅಂದಾಗ ನೆನಪಾಯಿತು. ಪುತ್ತರಿ ಹಬ್ಬಕ್ಕೆ ನಾವೆಲ್ಲ ಐನ್‌ಮನೆಗೆ (ಕುಟುಂಬದ ಮೂಲ ಮನೆಗೆ) ಹೋಗಿದ್ದೆವು. ತಾರೀಖು ಮುಚ್ಚಲು ಮರೆತಿದ್ದೆವು, ಸೈಟ್ ತನ್ನಷ್ಟಕ್ಕೆ ಎರಡು ರೂಮ್ ಮಾರಿತ್ತು. ಪೂರ್ತಿ ಹಣ ವಾಪಸ್ ಕೊಟ್ಟೆವು. ಗೇಟ್‌ವೇ ಶುಲ್ಕ ಮಾತ್ರ ನಮಗೆ ವಾಪಸ್ ಬರಲಿಲ್ಲ. ಹಬ್ಬದ ದಿನಗಳನ್ನು ವರ್ಷದ ಮೊದಲೇ ಮುಚ್ಚಿಡಿ.

ಪೊನ್ನಂಪೇಟೆಯಿಂದ:
ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೂರು ರೂಮಿಗೆ ಇಷ್ಟೆಲ್ಲ ಬೇಕಾ? ಗೇಟ್‌ವೇಯವರೇ ಪೇಮೆಂಟ್ ಲಿಂಕ್ ಕೊಡುತ್ತಾರೆ. ಮೊತ್ತ, ಹೆಸರು ಹಾಕಿ ವಾಟ್ಸಾಪ್‌ನಲ್ಲಿ ಕಳಿಸುವುದು. ಹಣ ಬಂದರೆ ನಿಮಗೆ ಮೆಸೇಜ್ ಬರುತ್ತದೆ. ಕೋಡ್ ಒಂದು ಸಾಲೂ ಬೇಡ. ನಾನು ಎರಡು ವರ್ಷದಿಂದ ಹೀಗೇ ನಡೆಸುತ್ತಿದ್ದೇನೆ. ಲಿಂಕಿಗೆ ಅವಧಿ ಇಡಿ, ಇಲ್ಲದಿದ್ದರೆ ರೂಮ್ ಹೋದ ಮೇಲೂ ಯಾರೋ ಹಣ ಕಟ್ಟುತ್ತಾರೆ.

ಕುಶಾಲನಗರದಿಂದ:
ಪೊನ್ನಂಪೇಟೆ ಅಣ್ಣ ಹೇಳಿದ್ದು ತಪ್ಪಲ್ಲ, ಈ ಸೀಸನ್ ಹಾಗೇ ಕಳೆಯಬಹುದು. ಆದರೆ ಅಕ್ಕನಿಗೆ ಕೊಯ್ಲಿನ ಹೊತ್ತಿನಲ್ಲಿ ಫೋನ್ ಹಿಡಿಯಲು ಪುರುಸೊತ್ತಿಲ್ಲ ಅಂತಲ್ವಾ ಪ್ರಶ್ನೆ? ಫಾರಂ ಮಾಡಿಸುವುದಾದರೆ, ಅತಿಥಿ ಹಣ ಕಟ್ಟುವ ಕಿಟಕಿ ತೆರೆದ ಕೂಡಲೇ ಆ ರೂಮನ್ನು ಹದಿನೈದು ನಿಮಿಷ ಹಿಡಿದಿಡಿ. ಇಬ್ಬರಿಗೆ ಒಂದೇ ರೂಮ್ ಹೋಗುವುದು ನಿಲ್ಲುತ್ತದೆ. ಇನ್‌ಸ್ಟಾಗ್ರಾಂ ಒಳಗಿಂದಲೇ ಸೈಟ್ ತೆರೆದವರಿಗೆ ಕೆಲವು ಸಲ ಯುಪಿಐ ಆ್ಯಪ್ ತೆರೆಯುವುದಿಲ್ಲ. 'ಕ್ರೋಮಿನಲ್ಲಿ ತೆರೆಯಿರಿ' ಅಂತ ಒಂದು ಸಾಲು ಹಾಕಿಸಿ.

ಕೇಳಿದವರು, ಕಕ್ಕಬ್ಬೆ, ಮೂರು ವಾರದ ನಂತರ:
ಎಲ್ಲರಿಗೂ ಉಪಕಾರವಾಯಿತು. ಕಾರ್ಡ್ ಫಾರಂ ಅವತ್ತೇ ತೆಗೆದೆವು. ಅರ್ಜಿ ಒಂದು ಸಲ ವಾಪಸ್ ಬಂತು, ಖಾತೆ ಅಮ್ಮನ ಹೆಸರಲ್ಲಿತ್ತು. ಅದು ಸರಿಯಾಗುವವರೆಗೆ ಲಿಂಕಿನಲ್ಲೇ ನಡೆಸಿದೆ. ಟೆಸ್ಟ್ ಮೋಡಿನಲ್ಲಿ ಹುಡುಗ ಹತ್ತಾರು ಸಲ ಸುಳ್ಳು ಹಣ ಕಟ್ಟಿ ನೋಡಿದ. ನನಗೆ ನಂಬಿಕೆ ಬರಲಿಲ್ಲ. ನಿನ್ನೆ 10 ರೂಪಾಯಿಯ ಒಂದು ರೂಮ್ ಮಾಡಿಸಿ, ತೋಟದ ಕೆಳಗೆ ತೋಡಿನ ಹತ್ತಿರ ಹೋದೆ. ಅಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಬಂದರೆ ಹೆಚ್ಚು. ಪಿನ್ ಒತ್ತಿದ ಕೂಡಲೇ ಫೋನನ್ನೇ ಆಫ್ ಮಾಡಿದೆ. ಮನೆಗೆ ಬಂದು ನೋಡಿದರೆ ಬುಕಿಂಗ್ ಬರೆದಿದೆ, ಒಂದೇ ಸಲ! ಈಗ ಆ 10 ರೂಪಾಯಿಯನ್ನು ನನಗೇ ವಾಪಸ್ ಕೊಡುವುದು ಹೇಗೆ ಅಂತ ಹುಡುಗ ಕಲಿಸುತ್ತಿದ್ದಾನೆ.