ಬೇಯಿಸದ ಊಟ ಮಾಡುವವರು ಮದುವೆ ಮನೆ, ಹೋಟೆಲಿಗೆ ಹೋದಾಗ ಏನು ಮಾಡಬೇಕು? ಡಯಟೀಷಿಯನ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ ನಮಸ್ಕಾರ. ನನಗೆ 34 ವರ್ಷ, ಬೆಂಗಳೂರಿನಲ್ಲಿ ಕೆಲಸ. ಐದು ತಿಂಗಳಿಂದ ಬೇಯಿಸದ ಆಹಾರ ಮಾತ್ರ ತಿನ್ನುತ್ತಿದ್ದೇನೆ. ಹಣ್ಣು, ಹಸಿ ತರಕಾರಿ, ಮೊಳಕೆ ಕಾಳು, ತೆಂಗಿನಕಾಯಿ, ನೆನೆಸಿದ ಶೇಂಗಾ, ಬಾದಾಮಿ ಇಷ್ಟೇ. ಹಾಲು ಮೊಸರೂ ಬಿಟ್ಟಿದ್ದೇನೆ. ಮನೆಯಲ್ಲಿ ಏನೂ ತೊಂದರೆ ಇಲ್ಲ, ಹೊರಗೆ ಹೋದರೆ ಕಷ್ಟ. ಹೋದ ತಿಂಗಳು ನಾದಿನಿ ಮನೆ ಗೃಹಪ್ರವೇಶ ಇತ್ತು. ಪಂಕ್ತಿಯಲ್ಲಿ ಕೂತು ಬಡಿಸಲು ಬಂದ ಪ್ರತಿಯೊಬ್ಬರಿಗೂ ಬೇಡ ಬೇಡ ಅಂದೆ. ಎಲೆ ಮೇಲೆ ಉಪ್ಪು, ಸೌತೆಕಾಯಿ ಹೋಳು ಬಿಟ್ಟರೆ ಏನೂ ಇರಲಿಲ್ಲ. ನಮ್ಮ ಅತ್ತೆ ಎಲ್ಲರ ಮುಂದೆ ಏನೂ ಅನ್ನಲಿಲ್ಲ, ಆದರೆ ಕಣ್ಣಲ್ಲಿ ನೀರು ಬಂತು. ಆಫೀಸಿನಲ್ಲೂ ಟೀಮ್ ಲಂಚ್ ಅಂದ್ರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಮುಂದಿನ ತಿಂಗಳು ದಾವಣಗೆರೆಯಲ್ಲಿ ನನ್ನ ತಂಗಿ ಮದುವೆ. ಹೇಗೆ ನಿಭಾಯಿಸೋದು ಮೇಡಂ?

ಉತ್ತರ: ಮೊದಲು ಒಂದು ಮಾತು. ಕರೆದ ಕಡೆ ಹೋಗುವುದನ್ನು ಮಾತ್ರ ಬಿಡಬೇಡಿ. ಊಟದ ಪದ್ಧತಿ ಬದಲಾಯಿಸಿಕೊಂಡ ಎಷ್ಟೋ ಜನ ನನ್ನ ಹತ್ತಿರ ಬರುತ್ತಾರೆ, ಅವರಲ್ಲಿ ಜಾಸ್ತಿ ಸೊರಗಿರುವವರು ಒಬ್ಬರೇ ಕೂತು ತಿನ್ನುವವರು.

ನಮ್ಮ ಎಲೆ ಊಟದಲ್ಲಿ ಬೇಯಿಸದ್ದು ಮೊದಲಿಂದಲೂ ಇದೆ. ಕೋಸಂಬರಿಯನ್ನೇ ನೋಡಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ, ನಿಂಬೆಹುಳಿ, ಕೊತ್ತಂಬರಿ. ಒಲೆ ಮುಟ್ಟಿದ್ದು ಒಗ್ಗರಣೆ ಒಂದೇ. ಮಲೆನಾಡಿನ ಕಡೆ ಒಂದೆಲಗವನ್ನು ಹಸಿಯಾಗಿಯೇ ಕಾಯಿ ಜೊತೆ ರುಬ್ಬಿ ತಂಬುಳಿ ಮಾಡುತ್ತಾರೆ. ಅದಕ್ಕೆ ಮಜ್ಜಿಗೆ ಹಾಕುವುದರಿಂದ ನೀವು ಕೇಳಿ ತಿನ್ನಬೇಕು. ಉತ್ತರ ಕರ್ನಾಟಕದಲ್ಲಂತೂ ರೊಟ್ಟಿ ಊಟ ಅಂದರೆ ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ ಸೊಪ್ಪು, ಮೂಲಂಗಿ, ಗಜ್ಜರಿ (ಕ್ಯಾರೆಟ್), ಸೌತೆಕಾಯಿ, ಈರುಳ್ಳಿ ಇರಲೇಬೇಕು. ಅಲ್ಲಿ ಹಸಿಯಾಗಿ ತಿನ್ನುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹಣ್ಣಿನ ರಸಾಯನವೂ ಇದೆ, ಬೆಲ್ಲ ಹಾಕುವ ಮೊದಲು ನಿಮಗೆ ಅಂತ ಸ್ವಲ್ಪ ತೆಗೆದಿಟ್ಟರೆ ಆಯಿತು.

ತಂಗಿ ಮದುವೆ ಅಂದರೆ ನಿಮ್ಮದೇ ಮನೆ ಕೆಲಸ. ಅಡುಗೆ ಭಟ್ಟರಿಗೆ ಈಗಲೇ ಫೋನ್ ಮಾಡಿ. ಉದ್ದ ವಿವರಣೆ ಬೇಡ. "ಕೋಸಂಬರಿಗೆ ಒಗ್ಗರಣೆ ಹಾಕುವ ಮೊದಲು ನನಗೊಂದು ಡಬ್ಬಿ ತೆಗೆದಿಡಿ, ಹಣ್ಣು ಹೆಚ್ಚಬೇಡಿ, ಇಡಿಯಾಗಿ ಕೊಡಿ" ಅಂದರೆ ಸಾಕು. ನೂರಾರು ಜನಕ್ಕೆ ಅಡುಗೆ ಮಾಡುವವರಿಗೆ ಹಿಂದಿನ ದಿನ ಹೇಳಿದ್ದು ಏನೂ ಭಾರ ಅಲ್ಲ. ಪಂಕ್ತಿ ಶುರುವಾದ ಮೇಲೆ ಹೇಳಿದರೆ ಮಾತ್ರ ಅವರಿಗೂ ಕಷ್ಟ, ನಿಮಗೂ ಕಷ್ಟ.

ಇನ್ನು ಅತ್ತೆಯವರ ವಿಷಯ. ಇದು ಸಣ್ಣದಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಬಡಿಸುವುದು ಅಂದರೆ ಬರೀ ಊಟ ಹಾಕುವುದಲ್ಲ, ನೀನು ನಮ್ಮವಳು ಅಂತ ಹೇಳುವ ರೀತಿ. ನೀವು ಹತ್ತು ಸಲ ಬೇಡ ಅಂದಾಗ ಅವರಿಗೆ ಕೇಳಿಸಿದ್ದು "ನಿಮ್ಮ ಮನೆ ಊಟ ಬೇಡ" ಅಂತ. ಆದ್ದರಿಂದ ಬೇಡ ಅನ್ನುವ ಮೊದಲು ಒಂದನ್ನಾದರೂ ಕೇಳಿ ಹಾಕಿಸಿಕೊಳ್ಳಿ. "ಅತ್ತೆ, ಕೋಸಂಬರಿ ಇನ್ನೊಂದು ಸಲ ಬಡಿಸಿ, ನೀವು ಮಾಡಿದ್ದು ಚೆನ್ನಾಗಿದೆ" ಅನ್ನಿ. ಮುಂಚೆಯೇ ಅವರ ಹತ್ತಿರ ಕೂತು, ಎಲ್ಲರ ಮುಂದೆ ಅಲ್ಲ, "ನನಗೆ ಅಂತ ಏನು ಮಾಡಿಕೊಡ್ತೀರಿ ಅತ್ತೆ?" ಅಂತ ಕೇಳಿ. ಕೊಡುವುದಕ್ಕೆ ಏನೂ ಇಲ್ಲದಿದ್ದಾಗಲೇ ಅವರಿಗೆ ನೋವಾಗುವುದು. ಮತ್ತೆ ಎಲೆ ಮುಂದೆ ಕೂತಾಗ ಎಣ್ಣೆ ಕೆಟ್ಟದ್ದು, ಬೇಯಿಸಿದರೆ ಸತ್ವ ಹೋಗುತ್ತದೆ ಅನ್ನುವ ಮಾತು ದಯವಿಟ್ಟು ತೆಗೆಯಬೇಡಿ. ಪಕ್ಕದವರು ಅದನ್ನೇ ತಿನ್ನುತ್ತಿರುತ್ತಾರೆ ಅಲ್ವಾ?

ಹೋಗುವ ಮೊದಲು ಮನೆಯಲ್ಲಿ ಎರಡು ಬಾಳೆಹಣ್ಣು, ಒಂದು ಹಿಡಿ ನೆನೆಸಿದ ಶೇಂಗಾ ತಿಂದು ಹೊರಡಿ. ಹಸಿದುಕೊಂಡು ಹೋದರೆ ಸಿಡುಕು ಬರುತ್ತದೆ, ಮಾತೂ ಒರಟಾಗುತ್ತದೆ.

ಪ್ರಶ್ನೆ (ಅವರೇ): ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಒಗ್ಗರಣೆ ಹಾಕಿದ ಕೋಸಂಬರಿ ಅಪ್ಪಿತಪ್ಪಿ ತಿಂದರೆ ಐದು ತಿಂಗಳ ನಿಯಮ ಮುರಿದ ಹಾಗೆ ಆಗಲ್ವಾ? ನನಗೆ ಅದೇ ಭಯ.

ಉತ್ತರ: ಇಲ್ಲ. ಒಂದು ಚಮಚ ಸಾಸಿವೆ ಒಗ್ಗರಣೆಯಿಂದ ದೇಹಕ್ಕೆ ಏನೂ ಆಗುವುದಿಲ್ಲ.

ಈ ಪದ್ಧತಿಯವರು ಸಾಮಾನ್ಯವಾಗಿ 46ರಿಂದ 48 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅಂತ ಗೆರೆ ಎಳೆಯುತ್ತಾರೆ. ಆ ಗೆರೆಯನ್ನು ಗಟ್ಟಿಯಾಗಿ ಹಿಡಿದರೆ ಬೆಲ್ಲ ಹೋಯಿತು, ಅದು ಕುದಿಸಿದ ಕಬ್ಬಿನ ಹಾಲು. ಪಾನಕವೂ ಹೋಯಿತು. ಅವಲಕ್ಕಿ ಹೋಯಿತು, ಮಂಡಕ್ಕಿ ಹೋಯಿತು. ಅಂಗಡಿಯ ಗೋಡಂಬಿಯೂ ನಿಜವಾಗಿ ಹಸಿ ಅಲ್ಲ. ಅದರ ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆ ಇರುತ್ತದೆ, ಹಬೆಯಲ್ಲಿ ಬೇಯಿಸಿ ಅಥವಾ ಹುರಿದು ಆಮೇಲೆ ಒಡೆಯುತ್ತಾರೆ. ಇವುಗಳಲ್ಲಿ ಯಾವುದನ್ನಾದರೂ ನೀವು ಮನೆಯಲ್ಲಿ ತಿನ್ನುತ್ತಿದ್ದರೆ ನೂರಕ್ಕೆ ನೂರು ಅನ್ನುವುದು ಈಗಲೂ ಇಲ್ಲ, ಅದರಿಂದ ನಿಮಗೆ ಕೆಡುಕೂ ಆಗಿಲ್ಲ. ಬೇಯಿಸಿದರೆ ಎಂಜೈಮ್ ಸಾಯುತ್ತವೆ ಅಂತ ಜನ ಹೆದರಿಸುತ್ತಾರೆ. ಹಸಿ ತರಕಾರಿಯ ಎಂಜೈಮ್ ಕೂಡ ನಮ್ಮ ಹೊಟ್ಟೆಯ ಆಮ್ಲದಲ್ಲಿ ಬಹುಪಾಲು ಒಡೆದೇ ಹೋಗುತ್ತವೆ. ನಮಗೆ ಬೇಕಾದ ಜೀರ್ಣರಸವನ್ನು ನಮ್ಮ ದೇಹವೇ ಮಾಡಿಕೊಳ್ಳುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ ಇನ್ನೊಬ್ಬರು): ನಾನೂ ವಾರದಲ್ಲಿ ನಾಲ್ಕು ದಿನ ಹಸಿ ಆಹಾರ ಮಾಡ್ತೀನಿ ಮೇಡಂ. ಹೋಟೆಲಿಗೆ ಹೋದರೆ ಸಲಾಡ್, ಮೊಳಕೆ ಕಾಳು, ಕಟ್ ಫ್ರೂಟ್ಸ್ ತಗೊಳ್ತೀನಿ. ಇವು ಸೇಫ್ ಅಲ್ವಾ? ಎರಡು ಸಲ ಹೊಟ್ಟೆ ಕೆಟ್ಟಿತ್ತು, ಅದಕ್ಕೆ ಕೇಳಿದೆ.

ಉತ್ತರ: ಸರ್, ಹೊರಗೆ ತಿನ್ನುವಾಗ ನೀವು ಎಚ್ಚರ ಇರಬೇಕಾದ್ದು ಇದರಲ್ಲೇ. ಕುದಿಯುವ ಸಾರಿನಲ್ಲಿ ರೋಗಾಣು ಬದುಕುವುದು ಕಷ್ಟ. ಹೆಚ್ಚಿಟ್ಟ ಸೌತೆಕಾಯಿಗೆ ಆ ರಕ್ಷಣೆ ಇಲ್ಲ. ತೊಳೆದ ನೀರು, ಚಾಕು, ಹೆಚ್ಚುವ ಮಣೆ, ಕೈ ಎಲ್ಲ ಶುದ್ಧ ಇದ್ದರೆ ಮಾತ್ರ ಅದು ಶುದ್ಧ.

ಮೊಳಕೆ ಕಾಳನ್ನು ಹೊರಗೆ ಹಸಿಯಾಗಿ ತಿನ್ನಲೇಬೇಡಿ ಅನ್ನುತ್ತೇನೆ. ಕಾಳು ಮೊಳೆಯಲು ಬೇಕಾದ ಬಿಸುಪು, ತೇವ ಎರಡೂ ಬ್ಯಾಕ್ಟೀರಿಯಾಕ್ಕೂ ಬೇಕಾದ್ದೇ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಈ-ಕೋಲೈ ಬ್ಯಾಕ್ಟೀರಿಯಾ ಹರಡಿ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಶುಚಿತ್ವಕ್ಕೆ ಹೆಸರಾದ ದೇಶದಲ್ಲೇ ಹೀಗಾಯಿತು. ಬೀಜದಲ್ಲೇ ಸೋಂಕು ಇದ್ದರೆ ಮೇಲಿಂದ ತೊಳೆದು ಪ್ರಯೋಜನ ಇಲ್ಲ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಮನೆಯಲ್ಲೂ ಮೊಳಕೆಯನ್ನು ಬೇಯಿಸಿಯೇ ತಿನ್ನಬೇಕು. ಇನ್ನೊಂದು ವಿಷಯ, ರಾಜ್ಮಾ ಯಾವತ್ತೂ ಹಸಿ ಬೇಡ, ಮೊಳಕೆ ಬರಿಸಿದರೂ ಬೇಡ. ಅದರಲ್ಲಿರುವ ಒಂದು ಬಗೆಯ ಪ್ರೋಟೀನು ನಾಲ್ಕೈದು ಕಾಳಿಗೇ ಜೋರಾಗಿ ವಾಂತಿ ಭೇದಿ ತರಿಸಬಹುದು. ಚೆನ್ನಾಗಿ ಕುದಿಸಿದರೆ ಮಾತ್ರ ಅದು ಹೋಗುತ್ತದೆ. ಮರಗೆಣಸೂ ಹಾಗೆಯೇ, ಹಸಿಯಾಗಿ ವಿಷ.

ಹಾಗಾದರೆ ಏನು ತಿನ್ನೋದು? ಸಿಪ್ಪೆ ಇರುವ ಇಡೀ ಹಣ್ಣು, ಅಂದರೆ ಬಾಳೆ, ಕಿತ್ತಳೆ, ಮೂಸಂಬಿ. ಕಣ್ಣೆದುರೇ ಕೊಚ್ಚಿದ ಎಳನೀರು, ಒಳಗಿನ ಗಂಜಿ. ಇಡೀ ಸೌತೆಕಾಯಿ, ನೀವೇ ಸಿಪ್ಪೆ ತೆಗೆದು. ಬಫೆಯಲ್ಲಿ ಗಂಟೆಗಟ್ಟಲೆ ತೆರೆದಿಟ್ಟ ಸಲಾಡ್ ಬೇಡ. ಐಸ್ ಹಾಕಿದ ಜ್ಯೂಸ್ ಬೇಡ. ನಿಮ್ಮ ಊರಿನ ಖಾನಾವಳಿಯಲ್ಲಿ ಸೊಪ್ಪು ಹಸಿ ಕೊಡುತ್ತಾರಲ್ಲ, ಅದು ನನಗೂ ತುಂಬಾ ಇಷ್ಟ, ಆದರೆ ಯಾವ ನೀರಲ್ಲಿ ತೊಳೆದಿರಿ ಅಂತ ಸಂಕೋಚ ಇಲ್ಲದೆ ಕೇಳಿ. ಪರಿಚಯದ ಖಾನಾವಳಿ ಆದರೆ ಅವರೇ ಬೇಜಾರಿಲ್ಲದೆ ಹೇಳುತ್ತಾರೆ.

ಆಫೀಸಿನವರ ಜೊತೆ ಹೋಗುವವರಿಗೆ ಒಂದು ಉಪಾಯ. ಜಾಗ ಆರಿಸುವ ಕೆಲಸ ನೀವೇ ವಹಿಸಿಕೊಳ್ಳಿ. ಮಧ್ಯಾಹ್ನ ಮೂರರಿಂದ ಐದರ ಒಳಗೆ ಫೋನ್ ಮಾಡಿ, ಆಗ ಅಡುಗೆಮನೆಯಲ್ಲಿ ಗಡಿಬಿಡಿ ಇರುವುದಿಲ್ಲ. ಮೆನುವಿನಲ್ಲಿ ಇಲ್ಲದಿದ್ದರೂ ಆಗಷ್ಟೇ ಹೆಚ್ಚಿದ ತರಕಾರಿಯ ತಟ್ಟೆ ಬಹಳ ಕಡೆ ಮಾಡಿಕೊಡುತ್ತಾರೆ. ಥಾಯ್ ಹೋಟೆಲ್ ಆದರೆ ಹಸಿ ಪರಂಗಿಕಾಯಿಯ ಸಲಾಡ್ ಸಿಗುತ್ತದೆ, ಸಸ್ಯಾಹಾರಿಗಳು ಮೀನಿನ ಸಾಸ್ ಬೇಡ ಅಂತ ಹೇಳಬೇಕು.

ಪ್ರಶ್ನೆ (ಮೈಸೂರಿನ ಹಿರಿಯರೊಬ್ಬರು): ನಮ್ಮ ತಾಯಿ ಬೇಯಿಸಿದ್ದೇ ತಿಂದು 90 ವರ್ಷ ಚೆನ್ನಾಗಿದ್ದರು. ಇದೆಲ್ಲ ಬೇಕಾ? ನೀವು ಡಯಟೀಷಿಯನ್ ಆಗಿ ಇದನ್ನು ಒಪ್ಪುತ್ತೀರಾ, ನೇರವಾಗಿ ಹೇಳಿ. ನನಗೆ ಸಕ್ಕರೆ ಕಾಯಿಲೆ ಇದೆ, ಕಿಡ್ನಿಯೂ ಸ್ವಲ್ಪ ವೀಕ್. ಮಗ ನನಗೂ ಶುರು ಮಾಡಿ ಅಂತಾನೆ.

ಉತ್ತರ: ನೇರವಾಗಿಯೇ ಹೇಳುತ್ತೇನೆ ಸರ್. ನೀವು ಶುರು ಮಾಡಬೇಡಿ. ಕಿಡ್ನಿ ದುರ್ಬಲ ಇದ್ದು ರಕ್ತದಲ್ಲಿ ಪೊಟ್ಯಾಸಿಯಂ ಏರುವವರಿಗೆ ನಾವು ತರಕಾರಿ ಕುದಿಸಿ ಆ ನೀರು ಚೆಲ್ಲಿ ತಿನ್ನಿ ಅನ್ನುತ್ತೇವೆ. ಹಸಿ ಆಹಾರ ಅದಕ್ಕೆ ಪೂರ್ತಿ ಉಲ್ಟಾ. ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಸೇರಿದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ತೊಂದರೆ ಆಗಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರು ಇದ್ದಕ್ಕಿದ್ದ ಹಾಗೆ ಅನ್ನ ಮುದ್ದೆ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಮಗನಿಗೆ ಇದನ್ನು ಓದಿಸಿ, ಮತ್ತೆ ನಿಮ್ಮ ಡಾಕ್ಟರನ್ನು ಕೇಳದೆ ಏನೂ ಬದಲಾಯಿಸಬೇಡಿ.

ಉಳಿದವರಿಗೆ? ದಿನಕ್ಕೆ ಒಂದು ಹೊತ್ತು ಹಸಿ ಆಹಾರ ಅಂದರೆ ನಾನು ಖುಷಿಯಿಂದ ಒಪ್ಪುತ್ತೇನೆ. ವರ್ಷಗಟ್ಟಲೆ ಬರೀ ಅದೇ ಅಂದರೆ ಒಪ್ಪುವುದಿಲ್ಲ. ಬೇಯಿಸಿದರೆ ವಿಟಮಿನ್ ಸಿ ಒಂದಷ್ಟು ಹೋಗುವುದು ನಿಜ. ಆದರೆ ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್, ಟೊಮೆಟೊದ ಲೈಕೋಪೀನ್ ಬೆಂದಾಗ, ಸ್ವಲ್ಪ ಎಣ್ಣೆ ಸೇರಿದಾಗಲೇ ಮೈಗೆ ಚೆನ್ನಾಗಿ ಹತ್ತುತ್ತವೆ. ವಿಟಮಿನ್ ಬಿ12 ಗಿಡದ ಆಹಾರದಲ್ಲಿ ನಂಬುವಷ್ಟು ಇಲ್ಲವೇ ಇಲ್ಲ. ಗಾಂಧೀಜಿ ಕೂಡ 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿದರು, ಅದರ ಬಗ್ಗೆ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದರು, ಕೆಲವು ತಿಂಗಳಲ್ಲಿ ಭೇದಿ ಹಿಡಿದು ನಿಲ್ಲಿಸಿದರು. ಅಷ್ಟು ಹಟದ ಮನುಷ್ಯ ದೇಹದ ಮಾತು ಕೇಳಿ ಬದಲಾಯಿಸಿಕೊಂಡರು ಅನ್ನುವುದು ನನಗೆ ಬಹಳ ಹಿಡಿಸುತ್ತದೆ. ಪ್ರಕೃತಿ ಚಿಕಿತ್ಸೆ ಆಸ್ಪತ್ರೆಗಳಲ್ಲಿ ಹಸಿ ಆಹಾರ ಕೊಡುವುದೂ ಕೆಲವು ದಿನ, ಅದೂ ವೈದ್ಯರು ನೋಡಿಕೊಳ್ಳುತ್ತಿರುವಾಗ.

ಜರ್ಮನಿಯ ಗೀಸೆನ್‌ನಲ್ಲಿ ಹಸಿ ಆಹಾರದವರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 45 ವರ್ಷದ ಒಳಗಿನ ಹೆಂಗಸರಲ್ಲಿ ಸುಮಾರು 30 ಶೇಕಡಾ ಜನಕ್ಕೆ ಮುಟ್ಟು ಆಗಾಗ ತಪ್ಪುತ್ತಿತ್ತು ಅಥವಾ ಪೂರ್ತಿ ನಿಂತಿತ್ತು. ಮೊದಲು ಪ್ರಶ್ನೆ ಕೇಳಿದ ಅಮ್ಮ, ನಿಮ್ಮನ್ನು ಕೇಳುತ್ತೇನೆ. ಐದು ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ? ಮುಟ್ಟು ಸರಿಯಾಗಿ ಆಗುತ್ತಿದೆಯಾ? ಇಲ್ಲಿ ಬರೆಯಲು ಸಂಕೋಚ ಆದರೆ ನನಗೆ ಮೆಸೇಜ್ ಮಾಡಿ.

ಪ್ರಶ್ನೆ (ಮೊದಲಿನವರು): ಸಂಕೋಚ ಏನಿಲ್ಲ ಮೇಡಂ, ಬೇರೆಯವರಿಗೂ ಉಪಯೋಗ ಆಗಲಿ. 7 ಕೆಜಿ ಇಳಿದಿದ್ದೇನೆ. ಮೊದಲು ತುಂಬಾ ಖುಷಿ ಆಗಿತ್ತು. ಎರಡು ತಿಂಗಳಿಂದ ಮುಟ್ಟು ಆಗಿಲ್ಲ, ಕೆಲಸದ ಒತ್ತಡ ಅಂದುಕೊಂಡಿದ್ದೆ. ಕೂದಲೂ ಉದುರುತ್ತಿದೆ.

ಉತ್ತರ: ಬರೆದದ್ದು ಒಳ್ಳೆಯದಾಯಿತು. ಈ ವಾರವೇ ಸ್ತ್ರೀರೋಗ ತಜ್ಞರನ್ನು ನೋಡಿ. ಮೊದಲು ಗರ್ಭಿಣಿ ಅಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ತೋರಿಸುವ ಪರೀಕ್ಷೆ), ಬಿ12, ವಿಟಮಿನ್ ಡಿ, ಥೈರಾಯ್ಡ್ ಇಷ್ಟನ್ನೂ ಕೇಳಿ ಮಾಡಿಸಿ. ಏನು ತಿನ್ನುತ್ತಿದ್ದೀರಿ ಅಂತ ಡಾಕ್ಟರಿಗೆ ಮುಚ್ಚಿಡಬೇಡಿ.

ರಿಪೋರ್ಟ್ ಬರುವ ತನಕ ಕಾಯುವುದು ಬೇಡ, ನಾಳೆಯಿಂದಲೇ ಒಂದು ಹೊತ್ತು ಬೇಯಿಸಿದ್ದು ತಿನ್ನಿ. ಅನ್ನ, ಬೇಳೆ, ಸ್ವಲ್ಪ ತುಪ್ಪ, ಮೊಸರು. ದೇಹ ತನಗೆ ಆಹಾರ ಸಾಲದು ಅಂದುಕೊಂಡಾಗ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟು ಒಂದು. ಹಸಿ ತರಕಾರಿಯಲ್ಲಿ ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ತುಂಬುವುದಿಲ್ಲ. ಇಷ್ಟು ದಿನದ ಶಿಸ್ತು ಹಾಳಾಯಿತು ಅಂತ ದುಃಖ ಪಡಬೇಡಿ. ಹಣ್ಣು ತರಕಾರಿ ತಿನ್ನುವ ಅಭ್ಯಾಸ ನಿಮ್ಮ ಜೊತೆಗೇ ಇರುತ್ತದೆ.

ಪ್ರಶ್ನೆ (ಅವರೇ, ಮೂರು ದಿನ ಬಿಟ್ಟು): ಮೇಡಂ, ಡಾಕ್ಟರ್ ಹತ್ತಿರ ಹೋಗಿ ಬಂದೆ. ಗರ್ಭಿಣಿ ಅಲ್ಲ, ರಕ್ತ ಕೊಟ್ಟಿದ್ದೇನೆ, ರಿಪೋರ್ಟ್ ಬರಬೇಕು. ನಿನ್ನೆ ರಾತ್ರಿ ಅತ್ತೆ ಕೈಯಲ್ಲಿ ಅನ್ನ ತೊವ್ವೆ ಹಾಕಿಸಿಕೊಂಡೆ, ಅವರು ಏನೂ ಕೇಳಲಿಲ್ಲ, ತುಪ್ಪದ ಬಟ್ಟಲು ನನ್ನ ಕಡೆ ತಳ್ಳಿದರು. ಅಡುಗೆ ಭಟ್ಟರ ಹತ್ತಿರವೂ ಮಾತಾಡಿದೆ, ಕೋಸಂಬರಿ ತೆಗೆದಿಡ್ತೀನಿ ಅಂದರು. ಅತ್ತೆಯ ತವರು ಗದಗ. ಮದುವೆಗೆ ಅಲ್ಲಿಂದ ಹಕ್ಕರಕಿ ತರಿಸ್ತೀನಿ ಅಂತ ಅವರೇ ಹೇಳಿದ್ದಾರೆ.

ಉತ್ತರ: ಓದಿ ಮನಸ್ಸಿಗೆ ಸಮಾಧಾನ ಆಯಿತು. ಹಕ್ಕರಕಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಸೊಪ್ಪು, ಮಣ್ಣು ಜಾಸ್ತಿ ಇರುತ್ತದೆ. ಬುಡ ಕತ್ತರಿಸಿ ಎಲೆ ಬಿಡಿಸಿ ಮೂರು ನಾಲ್ಕು ನೀರಲ್ಲಿ ತೊಳೆಯಿರಿ, ಕೊನೆಯ ನೀರು ಕುಡಿಯುವ ನೀರೇ ಆಗಿರಲಿ. ಛತ್ರದ ತೊಟ್ಟಿ ನೀರು ಬೇಡ. ರಿಪೋರ್ಟ್ ಬಂದ ದಿನ ಬಿ12, ಫೆರಿಟಿನ್ ಎರಡರ ಅಂಕಿ ನನಗೆ ಕಳಿಸಿ. ಮದುವೆಗೆ ಮೊದಲೇ ಕೂತು ಊಟದ ಪಟ್ಟಿ ಮಾಡೋಣ.