ಗುಂಡು ಅರಳುವುದೋ, ಬಿರಿಯುವುದೋ?

ಗೆಳೆಯರೇ,

ಪಿಸ್ತೂಲಿನ ಬೇರೆ ಬೇರೆ ಗುಂಡುಗಳನ್ನು, ಮಾಂಸದ ಬದಲಿಗೆ ಇಟ್ಟ ಮೆತ್ತನೆಯ ಜೆಲ್ಲಿಯ ದಿಮ್ಮಿಗೆ ಹೊಡೆದು ಹೋಲಿಸಿ ನೋಡುತ್ತಾರಲ್ಲ, ಆ ಪರೀಕ್ಷೆಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಓದಿ ಬಂದು ಈಗ ವಿಧಿವಿಜ್ಞಾನ ಕಲಿಯುತ್ತಿರುವವರಿಗೆ ಅರ್ಥವಾಗಬೇಕು ಅನ್ನುವುದು ನನ್ನ ಆಸೆ. ಮೂರು ನಾಲ್ಕು ಪದಗಳಲ್ಲಿ ತೊಡಕಿದೆ. ಅದರಲ್ಲೂ ಒಂದು ಪದ ವಾರದಿಂದ ಕಾಡುತ್ತಿದೆ.

ಮೊದಲು ವಿಷಯ ಹೇಳಿಬಿಡುತ್ತೇನೆ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನವರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ಎಫ್‌ಬಿಐನ ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ದರೋಡೆಕೋರರಲ್ಲಿ ಒಬ್ಬನಿಗೆ ಶುರುವಿನಲ್ಲೇ ಒಂದು 9 ಎಂಎಂ ಗುಂಡು ತೋಳನ್ನು ದಾಟಿ ಎದೆಯೊಳಗೆ ಹೋಗಿತ್ತು, ಆದರೆ ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತು, ಅವನು ಆಮೇಲೂ ಗುಂಡು ಹಾರಿಸುತ್ತಲೇ ಇದ್ದ. ಇದಾದ ಮೇಲೆ ಎಫ್‌ಬಿಐ ಗುಂಡುಗಳನ್ನು ಅಳೆಯುವ ಕ್ರಮವನ್ನೇ ಬದಲಿಸಿತು. ನೂರಕ್ಕೆ ಹತ್ತು ಪಾಲು ಜಿಲೆಟಿನ್ ಪುಡಿ ಹಾಕಿ ಮಾಡಿದ ದಿಮ್ಮಿ, ಅದು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬರೀ ದಿಮ್ಮಿಗೆ ಒಮ್ಮೆ, ದಪ್ಪ ಬಟ್ಟೆ ಹೊದಿಸಿ ಒಮ್ಮೆ, ಕಾರಿನ ಗಾಜು, ಉಕ್ಕಿನ ತಗಡು, ಪ್ಲೈವುಡ್ ಇಟ್ಟು ಒಮ್ಮೊಮ್ಮೆ ಹೊಡೆಯುತ್ತಾರೆ. ಗುಂಡು ಕಡಿಮೆ ಅಂದರೂ 12 ಇಂಚು ಒಳಗೆ ಹೋಗಬೇಕು, 18 ಇಂಚು ದಾಟಬಾರದು.

ಈಗ ಪದಗಳಿಗೆ ಬರೋಣ. ಜಿಲೆಟಿನ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಕಲ್ಲು ಕ್ವಾರಿಯ ಜಿಲೆಟಿನ್ ಕಡ್ಡಿ. 2021ರಲ್ಲಿ ಶಿವಮೊಗ್ಗದ ಹುಣಸೋಡಿನ ಸ್ಫೋಟ ಆದಮೇಲಂತೂ ಆ ಪದಕ್ಕೆ ಸಿಡಿಮದ್ದು ಅನ್ನುವ ಅರ್ಥವೇ ಗಟ್ಟಿಯಾಯಿತು. "ಜಿಲೆಟಿನ್‌ಗೆ ಗುಂಡು ಹೊಡೆದರು" ಅಂತ ಬರೆದರೆ ಓದುವವರು ಗಾಬರಿಯಾಗುತ್ತಾರೆ. ಇದು ಎಲುಬು, ಚರ್ಮದಿಂದ ತೆಗೆಯುವ ಅಂಟು, ಸಿಹಿ ಜೆಲ್ಲಿಗೆ ಹಾಕುತ್ತಾರಲ್ಲ, ಅದೇ. ಹಾಗಾಗಿ "ಜೆಲ್ಲಿ ದಿಮ್ಮಿ" ಅಂತ ಬರೆದಿದ್ದೇನೆ. "ಪರೀಕ್ಷಾ ಮಾಧ್ಯಮ" ಅನ್ನುವುದನ್ನೂ ಬಿಟ್ಟೆ. ಅದನ್ನು ಓದಿದರೆ ಪರೀಕ್ಷೆ ಬರೆಯುವುದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅಂತಲೇ ಅನಿಸುತ್ತದೆ, ಅಲ್ವಾ?

ಗುಂಡು ಅನ್ನುವ ಪದವೂ ಸಾಲುತ್ತಿಲ್ಲ. ಪತ್ರಿಕೆಗಳಲ್ಲಿ ಹಾರಿ ಹೋಗುವ ಸೀಸವೂ ಗುಂಡು, ಹಿತ್ತಾಳೆಯ ಕೊಳವೆ, ಮದ್ದು ಎಲ್ಲ ಸೇರಿದ ಇಡೀ ವಸ್ತುವೂ ಗುಂಡು. ಮಲೆನಾಡಿನವರು ಈ ವಿಷಯದಲ್ಲಿ ಚೊಕ್ಕ. ಇಡೀ ವಸ್ತುವಿಗೆ ತೋಟೆ ಅನ್ನುತ್ತಾರೆ, ತೋಟೆ ಕೋವಿ ಬೇರೆ, ಕೇಪಿನ ಕೋವಿ ಬೇರೆ. ನಾನು ಅದನ್ನೇ ಹಿಡಿದೆ. ತೋಟೆಯಿಂದ ಹಾರುವುದು ಮಾತ್ರ ಗುಂಡು. ತೂಕಕ್ಕೆ ಗ್ರೇನ್ ಅಂತಲೇ ಬಿಟ್ಟು ಪಕ್ಕದಲ್ಲಿ ಗ್ರಾಂ ಕೊಟ್ಟಿದ್ದೇನೆ, 115 ಗ್ರೇನ್ ಅಂದರೆ ಸುಮಾರು 7.5 ಗ್ರಾಂ. ಅದನ್ನು "ಕಾಳು" ಮಾಡುವುದು ಬೇಡ.

ಒಳಗೆ ಹೋಗುವುದಕ್ಕೆ ಕನ್ನಡದಲ್ಲಿ ಪದಗಳು ಬೇಕಾದಷ್ಟಿವೆ, ಆದರೆ ಒಂದರ ಬದಲು ಇನ್ನೊಂದು ಬಾರದು. ನಾಟಿದ್ದು ಅಲ್ಲೇ ಉಳಿಯುತ್ತದೆ, ಮುಳ್ಳಿನ ಹಾಗೆ. ತೂರಿದ್ದು ಆಚೆಗೆ ಹೋಗುತ್ತದೆ. ಈ ಪರೀಕ್ಷೆಯಲ್ಲಿ ಅದೇ ಮುಖ್ಯ, ಯಾಕೆಂದರೆ ತೂರಿ ಹೋದ ಗುಂಡು ಹಿಂದೆ ನಿಂತ ಇನ್ಯಾರಿಗೋ ತಗಲಬಹುದು. "14 ಇಂಚು ಹೊಕ್ಕು ನಿಂತಿತು", "ದಿಮ್ಮಿ ತೂರಿ ಹೋಯಿತು" ಅಂತ ಬರೆದೆ. ಇದರ ಬಗ್ಗೆ ನನಗೆ ಸಮಾಧಾನವಿದೆ.

ಕಾಡುತ್ತಿರುವ ಪದ ಇದು. ಕೆಲವು ಗುಂಡುಗಳ ಮೂತಿಯಲ್ಲಿ ಟೊಳ್ಳು ಇರುತ್ತದೆ. ಒಳಗೆ ಹೋದಾಗ ಒತ್ತಡಕ್ಕೆ ಆ ಟೊಳ್ಳಿನ ಅಂಚು ಸೀಳಿ, ಎಸಳೆಸಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಗುಂಡು ಅಗಲವಾಗುತ್ತದೆ, ಬೇಗ ನಿಲ್ಲುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಹಿಗ್ಗುವುದು ಅನ್ನುವ ಅರ್ಥದ ಪದವೂ ಇದೆ, ಅಣಬೆಯಾಗುವುದು ಅನ್ನುವುದೂ ಇದೆ. ನಮ್ಮ ಹಿಗ್ಗು ಇಲ್ಲಿ ಹೊಂದುವುದಿಲ್ಲ. ಹಿಗ್ಗಿದ್ದು ಆಕಾರ ಕೆಡದೆ ದೊಡ್ಡದಾಗುತ್ತದೆ, ಮೇಲಾಗಿ ಅದರಲ್ಲಿ ಖುಷಿ ಇದೆ. ಚಪ್ಪಟೆಯಾಗು ಅಂದರೆ ಎಸಳಿನ ಚಿತ್ರ ಹೋಗಿಬಿಡುತ್ತದೆ.

ಅರಳು ಅನ್ನುವುದು ಚಿತ್ರಕ್ಕೆ ಸರಿಯಾಗಿ ಕೂರುತ್ತದೆ. ಬರೆದೆ, ಮರುದಿನ ಓದಿ ಹೊಡೆದುಹಾಕಿದೆ. ಮಲ್ಲಿಗೆಗೆ, ಮಗುವಿನ ಕಣ್ಣಿಗೆ, ನಾಗರಪಂಚಮಿಯ ಅರಳಿಗೆ ಇರುವ ಪದವನ್ನು ಮಾಂಸ ಹರಿಯುವ ಲೋಹಕ್ಕೆ ಕೊಡಲು ಮನಸ್ಸು ಒಪ್ಪಲಿಲ್ಲ. ಆಮೇಲೆ 1899ರ ಹೇಗ್ ಘೋಷಣೆಯನ್ನು ನೋಡಿದೆ. ಕಲ್ಕತ್ತಾ ಬಳಿಯ ದಮ್‌ದಮ್ ಶಸ್ತ್ರಾಗಾರದ ಹೆಸರಿನಿಂದಲೇ ಕುಖ್ಯಾತವಾದ ಇಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದು ಅಂತ ಮಾಡಿಕೊಂಡ ಒಪ್ಪಂದ ಅದು. ಅದರ ಫ್ರೆಂಚ್ ಮೂಲದಲ್ಲಿ, ದೇಹದೊಳಗೆ ಸುಲಭವಾಗಿ "ಅರಳುವ ಅಥವಾ ಚಪ್ಪಟೆಯಾಗುವ" ಗುಂಡು ಅಂತಲೇ ಇದೆ, ಹೂವಿಗೆ ಬಳಸುವ ಪದವೇ! ನಿಷೇಧಿಸುವವರೇ ಆ ಪದ ಬಳಸಿದ್ದಾರೆ ಅಂದಮೇಲೆ ನನ್ನ ಹಿಂಜರಿಕೆಯೇ ಅತಿಯಾಯಿತೇನೋ ಅಂತಲೂ ಅನಿಸಿತು.

ಆದರೂ ನನಗೆ ಹತ್ತಿರ ಅನಿಸುತ್ತಿರುವುದು ಬಿರಿ. ಹೂವೂ ಬಿರಿಯುತ್ತದೆ, ಬೇಸಿಗೆಯಲ್ಲಿ ನೆಲವೂ ಬಿರಿಯುತ್ತದೆ, ಹಲಸಿನ ಹಣ್ಣೂ ಬಿರಿಯುತ್ತದೆ, ದುಃಖಕ್ಕೆ ಎದೆಯೂ ಬಿರಿಯುತ್ತದೆ. ತೆರೆದುಕೊಳ್ಳುವುದೂ ಸೀಳುವುದೂ ಒಂದೇ ಪದದಲ್ಲಿವೆ. "ಬಟ್ಟೆಯ ಎಳೆ ಟೊಳ್ಳಿನಲ್ಲಿ ತುಂಬಿಕೊಂಡು ಗುಂಡು ಬಿರಿಯಲೇ ಇಲ್ಲ, ದಿಮ್ಮಿ ತೂರಿ ಹೋಯಿತು" ಅಂತ ಬರೆದು ನೋಡಿದೆ, ಸಲೀಸಾಗಿ ಬಂತು. ಕ್ರಿಯೆಗೆ ಹೆಸರು ಬೇಕಾದಾಗ "ಬಿರಿತ" ಅನ್ನಬಹುದು.

ಒಂದೇ ಅನುಮಾನ. ಗುಂಡು ಒಡೆದು ಚೂರುಚೂರಾಗುವುದು ಬೇರೆಯೇ ಸಂಗತಿ, ಅದನ್ನು ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಬರೆದಿಡುತ್ತಾರೆ, ಉಳಿದ ತೂಕವನ್ನೂ ಅಳೆಯುತ್ತಾರೆ. "ಗುಂಡು ಬಿರಿಯಿತು" ಅಂತ ಓದಿದಾಗ ನಿಮಗೆ ಕಾಣುವುದು ಎಸಳು ಬಿಚ್ಚಿಕೊಂಡ ಒಂದೇ ತುಂಡೋ, ಅಥವಾ ಚೂರುಗಳೋ? ಉತ್ತರ ಕರ್ನಾಟಕದ ಕಡೆಯವರು, ಕೊಡಗಿನವರು ದಯವಿಟ್ಟು ಹೇಳಿ. ನಿಮ್ಮ ಮನೆಮಾತಿನಲ್ಲಿ ಬಿರಿ ಎಲ್ಲೆಲ್ಲಿ ಬರುತ್ತದೆ ಅನ್ನುವುದಕ್ಕೆ ಒಂದೆರಡು ವಾಕ್ಯ ಬರೆದರೆ ಇನ್ನೂ ಒಳ್ಳೆಯದು.